ಕೆಸರೊಳ್ಳಿ ನಾಕಾದಲ್ಲಿ ಬಸ್ಸು ಹತ್ತಿದವನು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಕ್ಕವನು. ಸೂಪಾ ಅಣೆಕಟ್ಟಿನ ನೀರಲ್ಲಿ ಮುಳುಗಿದ ಹಳೆಯ ಊರಿನಿಂದ ಗಂಟೆಯ ಸದ್ದು ಕೇಳಿಸುತ್ತದೆ ಎಂದು ಆಣೆ ಮಾಡಿ ಹೇಳುವವರು ನಮ್ಮ ಓಣಿಯಲ್ಲೇ ಇದ್ದರು. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಹತ್ತಿರದಲ್ಲಿ ದನ ಮೇಯುತ್ತಿದ್ದವೇ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ದಾಂಡೇಲಿಯ ಕಾಗದ ಕಾರ್ಖಾನೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಕಳೆದವನು ನಾನು. ಕಾಗದದ ದಪ್ಪ, ತೇವ, ಬಿಳುಪು ಇವನ್ನು ಅಳೆದು ಬರೆಯುವುದು ನನ್ನ ಕೆಲಸವಾಗಿತ್ತು. ಅಳತೆಗೆ ಸಿಗದ್ದನ್ನು ಬರೆದು ಅಭ್ಯಾಸವಿಲ್ಲ. ಹಾಗಾಗಿ ಈಗ ಹೇಳಲಿರುವುದನ್ನು ನೀವು ನಂಬಲೇಬೇಕೆಂಬ ಒತ್ತಾಯ ನನ್ನದಲ್ಲ. ಹೆಸರುಗಳನ್ನು ಬದಲಿಸಿದ್ದೇನೆ. ಮಿಕ್ಕದ್ದು ನಡೆದ ಹಾಗೇ ಇದೆ.

ಪರಶುರಾಮನ ತಂದೆ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದರು. ಅವರದೂ ನಮ್ಮದೂ ಧಾರವಾಡದ ಕಡೆಯ ಅಕ್ಕಪಕ್ಕದ ಊರು. ಅವರು ತೀರಿಕೊಂಡಾಗ ಪರಶುರಾಮ ಪಿಯುಸಿಯಲ್ಲಿದ್ದ. ಓದು ಬಿಟ್ಟು ಇಸ್ಮಾಯಿಲ್ ಚಾಚಾನ ಗ್ಯಾರೇಜ್ ಸೇರಿದ, ಗಾಡಿ ಬಿಚ್ಚುವುದು ಕಲಿತ, ಆಮೇಲೆ ಓಡಿಸುವುದು ಕಲಿತ. ಕಾಳಿ ನದಿಗೆ ರಾಫ್ಟಿಂಗಿಗೆಂದು, ಸಫಾರಿಗೆಂದು ಬರುವ ಪ್ರವಾಸಿಗರನ್ನು ಜೀಪಿನಲ್ಲಿ ಕರೆದೊಯ್ಯುವ ಕೆಲಸ ಚೆನ್ನಾಗಿಯೇ ಕೈಹಿಡಿಯಿತು. ನನ್ನನ್ನು ರಸ್ತೆಯಲ್ಲಿ ಕಂಡರೆ ಜೀಪು ನಿಲ್ಲಿಸಿ, "ಕಾಕಾ, ಆರಾಮ ಅದೀರಿಲ್ಲೋ?" ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ. ಮುಂಡಗೋಡದ ಶೋಭಾಳನ್ನು ಮದುವೆಯಾದ. ಅಕ್ಷತಾ ಎಂಬ ಮಗಳು. ನಾನು ಹೇಳುತ್ತಿರುವ ಕಾಲಕ್ಕೆ ಅವಳು ಎರಡನೆಯ ಇಯತ್ತೆ.

ಲಾಕ್‌ಡೌನ್ ಬಂತು, ಪ್ರವಾಸಿಗರು ಬರುವುದು ನಿಂತಿತು. ಅವನು ಜೀಪು ಮಾರಿದ. ವರ್ಷದ ನಂತರ ಎಲ್ಲ ತೆರೆದಾಗ ಅವನು ಗೋವಾದ ಯಾರದೋ ಕಾರು ಓಡಿಸುತ್ತಿದ್ದ. ವಿಮಾನದಲ್ಲಿ ಬರುವವರನ್ನು ಕರೆತಂದು ಬಿಡುವ ಕೆಲಸ ಎನ್ನುತ್ತಿದ್ದ. ಆದರೆ ಕಾರಿನಲ್ಲಿ ಪ್ರವಾಸಿಗರನ್ನು ಕಂಡವರಿಲ್ಲ. ನನ್ನನ್ನು ನೋಡಿದರೂ ನೋಡದ ಹಾಗೆ ಹೋಗತೊಡಗಿದ. ಒಂದು ದಿನ ಇಸ್ಮಾಯಿಲ್ ಚಾಚಾ ನನ್ನನ್ನು ಗ್ಯಾರೇಜಿನ ಹಿಂದಕ್ಕೆ ಕರೆದು ಮೆಲ್ಲಗೆ ಹೇಳಿದ: "ಆ ಗಾಡಿ ಇಲ್ಲಿ ತರಬ್ಯಾಡಪಾ ಅಂತ ಹೇಳೇನ್ರಿ ಅವಗ. ಸೀಟಿನ ಕೆಳಗ ಹೊಸಾ ತಗಡು ಬೆಸುಗಿ ಹಾಕ್ಯಾರ. ಒಳಗ ಏನೈತಿ ಅಂತ ಕೇಳಿದ್ರ ಮಾತಾಡವಲ್ಲ. ನೀವರ ಒಂದೀಟು ಬುದ್ಧಿ ಹೇಳ್ರಿ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ದೊಡ್ಡವನಾದ ಮನುಷ್ಯ, ಹೆಂಡತಿ ಮಗಳಿರುವವನು, ನಾನೇನು ಹೇಳುವುದು ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಿತ್ತು. ಸಮುದ್ರದ ಆಚೆಯಿಂದ ಗೋವಾಕ್ಕೆ ಬಂದಿಳಿಯುವ ಮಾಲು ಅನಮೋಡದ ಘಟ್ಟ ಹತ್ತಿ, ಜೊಯಿಡಾದ ಕಾಡಿನ ರಸ್ತೆಗಳಲ್ಲಿ ಹಾದು ಬಯಲುಸೀಮೆಯ ದೊಡ್ಡ ಊರುಗಳಿಗೆ ಹೋಗುತ್ತದೆ ಎಂಬುದನ್ನು ಚಹಾದಂಗಡಿಯಲ್ಲಿ ಕೂತವರೆಲ್ಲ ಬಲ್ಲರು. ಅದರ ಹಿಂದೆ ಯಾರಿದ್ದಾರೆ ಎಂಬುದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅದು ನವೆಂಬರ್, ಒಂದು ಬುಧವಾರ. ಹಲ್ಲು ಕೀಳಿಸಿಕೊಳ್ಳಲು ಹಳಿಯಾಳಕ್ಕೆ ಹೋಗಿದ್ದೆ. ಡಾಕ್ಟರು ವಸಡಿಗೆ ಇಂಜೆಕ್ಷನ್ ಕೊಟ್ಟು ದವಡೆ ಹಲ್ಲು ಕಿತ್ತು, ಹತ್ತಿ ಕಚ್ಚಿಕೊಂಡಿರಿ, ಎರಡು ತಾಸು ಮಾತಾಡಬೇಡಿ ಎಂದರು. ದಾಂಡೇಲಿ ಬಸ್ಸು ಹತ್ತಿ ಟಿಕೆಟ್ ತಗೊಂಡೆ. ಟಿಕೆಟಿನ ಮೇಲೆ ಮೂರು ಐವತ್ತೆರಡು ಎಂದು ಅಚ್ಚಾಗಿತ್ತು. ಇದನ್ನು ಆಮೇಲೆ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಬಸ್ಸು ಅರ್ಧ ಖಾಲಿಯಿತ್ತು. ಬಿಸಿಲು ಇನ್ನೂ ಚುರುಕಾಗಿತ್ತು. ರಸ್ತೆಯ ಎರಡೂ ಬದಿ ಭತ್ತ ಕೊಯ್ದು ಸಿವುಡು ಹಾಕಿದ್ದರು.

ಕೆಸರೊಳ್ಳಿ ನಾಕಾದಲ್ಲಿ ಬಸ್ಸು ನಿಂತಾಗ ಪರಶುರಾಮ ಹತ್ತಿದ. ಮುಂದಿನ ಬಾಗಿಲಿನ ಹತ್ತಿರ ಒಬ್ಬ ಹೆಂಗಸು ಬುಟ್ಟಿಯನ್ನು ದಾರಿಯಲ್ಲೇ ಇಟ್ಟುಕೊಂಡು ಕೂತಿದ್ದಳು. ಅವನು ಬಂದಾಗ ಅವಳು ಬುಟ್ಟಿಯನ್ನು ತನ್ನ ಕಾಲಿನ ಕಡೆ ಎಳೆದುಕೊಂಡಳು. ಅವನು ದಾಟಿ ಬಂದು ನನ್ನ ಪಕ್ಕದಲ್ಲಿ ಕೂತ. ಹಳದಿ ಬಣ್ಣದ ಚೌಕಡಿ ಅಂಗಿ ಹಾಕಿದ್ದ. ಅವನ ಕೈಯಲ್ಲಿ ಚೀಲವಿರಲಿಲ್ಲ. ಎಂದಿನಂತೆ ಆರಾಮ ಅದೀರಿಲ್ಲೋ ಎಂದು ಕೇಳಲಿಲ್ಲ. ಎದುರಿನ ಸೀಟಿನ ಕಂಬಿ ಹಿಡಿದುಕೊಂಡ. ಕಂಡಕ್ಟರು "ಟಿಕೆಟ್ ಯಾರದರ ಉಳದಾವೇನ್ರಿ" ಎನ್ನುತ್ತ ಬಂದವನು ನಮ್ಮ ಸೀಟು ದಾಟಿ ಹಿಂದಕ್ಕೆ ಹೋದ. ಗುರುತಿನ ಡ್ರೈವರು ಎಂದು ಬಿಟ್ಟಿರಬೇಕು ಎಂದುಕೊಂಡೆ.

"ಕಾಕಾ, ಶೋಭಾಗ ಒಂದು ಮಾತು ಮುಟ್ಟಿಸಬೇಕ್ರಿ" ಎಂದ. ಧ್ವನಿ ಸಣ್ಣದಿತ್ತು, ಆದರೆ ಪ್ರತಿ ಮಾತೂ ಕೇಳುತ್ತಿತ್ತು. "ನಾಳೆ ಮುಂಜಾನಿ ಮೊದಲನೇ ಬಸ್ಸಿಗೆ ಆಕಿ ಅಕ್ಷತಾನ ಕರ್ಕೊಂಡು ಮುಂಡಗೋಡಕ್ಕ ಹೋಗಬೇಕು. ಮನ್ಯಾಗ ಇರಬಾರದು. ಅಕ್ಕಿ ಡಬ್ಬಿ ತಳಕ್ಕ ಒಂದು ಫೋನ್ ಐತಿ. ಅದನ್ನ ಇಸ್ಮಾಯಿಲ್ ಚಾಚಾನ ಕೈಯಾಗ ಕೊಡ್ಲಿ. ಬ್ಯಾರೆ ಯಾರ ಕೈಯಾಗೂ ಬ್ಯಾಡ."

ಬಾಯಲ್ಲಿ ಹತ್ತಿಯಿತ್ತು. ಆದರೂ ತೊದಲುತ್ತ ಕೇಳಿದೆ: ನೀನೇ ಮನೆಗೆ ಹೊರಟಿದ್ದೀಯಲ್ಲ, ನೀನೇ ಹೇಳಬಾರದೇ?

"ನನಗ ಅಲ್ಲೀತನಕ ಮುಟ್ಟಾಕ ಆಗವಲ್ದು ಕಾಕಾ" ಎಂದ.

ಕುಡಿದಿದ್ದಾನೆಯೇ ಎಂದು ನೋಡಿದೆ. ವಾಸನೆಯಿರಲಿಲ್ಲ. ಮುಖದಲ್ಲಿ ದಣಿವಿತ್ತು, ಬಹಳ ದೂರ ನಡೆದು ಬಂದವರ ಹಾಗೆ. ಅದೇ ಮಾತುಗಳನ್ನು ಇನ್ನೊಮ್ಮೆ ಹೇಳಿದ. ಮೊದಲನೇ ಬಸ್ಸು, ಅಕ್ಕಿ ಡಬ್ಬಿ, ಇಸ್ಮಾಯಿಲ್ ಚಾಚಾ. ನಾನು ತಲೆಯಾಡಿಸಿದೆ. ಆಲೂರಿನಲ್ಲಿ ಬಸ್ಸು ನಿಂತಾಗ ಕಿಟಕಿಯ ಹೊರಗೆ ಯಾರೋ ಕಬ್ಬಿನ ಗಾಡಿಯವರು ಜಗಳವಾಡುತ್ತಿದ್ದರು. ನಾನು ಆ ಕಡೆ ತಿರುಗಿದೆ. ಮತ್ತೆ ಇತ್ತ ನೋಡುವಾಗ ಸೀಟು ಖಾಲಿಯಿತ್ತು. ಇಳಿದು ಹೋದನೆಂದು ತಿಳಿದೆ. ಅಲ್ಲಿಯ ತನಕ ಇದರಲ್ಲಿ ನನಗೆ ವಿಚಿತ್ರವಾದದ್ದು ಏನೂ ಕಂಡಿರಲಿಲ್ಲ. ಏನೋ ತಾಪತ್ರಯಕ್ಕೆ ಸಿಕ್ಕಿದ್ದಾನೆ, ಪಾಪ, ಎಂದಷ್ಟೇ ಅನ್ನಿಸಿತು.

ಬಸ್ಸಿಳಿದು ಮನೆಗೂ ಹೋಗದೆ ನೇರ ಶೋಭಾಳ ಬಾಡಿಗೆ ಮನೆಗೆ ಹೋದೆ. ಕಾರ್ಖಾನೆಯ ಕಾಲೊನಿಯಾದ ಬಂಗೂರನಗರದಿಂದ ಹತ್ತು ನಿಮಿಷದ ದಾರಿ. ಅವಳು ಅಂಗಳದ ಹಗ್ಗದಿಂದ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಗಂಡ ನಿನ್ನೆ ಗೋವಾಕ್ಕೆ ಹೋದವರು ಇನ್ನೂ ಬಂದಿಲ್ಲ, ಮುಂಜಾನೆಯಿಂದ ಫೋನೂ ಇಲ್ಲ ಎಂದಳು. ಈಗಷ್ಟೇ ಬಸ್ಸಿನಲ್ಲಿ ಸಿಕ್ಕಿದ್ದ ಎಂದೆ. ಅವಳ ಮುಖ ಅರಳಿತು. ಹೇಗಿದ್ದರು, ಯಾವ ಅಂಗಿ ಹಾಕಿದ್ದರು ಎಂದು ಸುಮ್ಮನೆ ಖುಷಿಗೆ ಕೇಳಿದಳು. ಹಳದಿ ಚೌಕಡಿ ಎಂದೆ. ಅವಳು ನಕ್ಕು, ತೋಳಿನ ಮೇಲಿದ್ದ ಬಟ್ಟೆಗಳಿಂದ ಒಂದನ್ನು ಎಳೆದು ತೋರಿಸಿದಳು.

"ಇದಲ್ಲೇನ್ರಿ ಕಾಕಾ? ಇದು ಇಲ್ಲೇ ಐತಲ್ರಿ, ಮುಂಜಾನಿ ಒಗದು ಹಾಕೇನಿ."

ಅಂಥದ್ದೇ ಇನ್ನೊಂದಿರಬಹುದು ಎಂದು ಹೇಳಿ ನಾನು ಸಂದೇಶ ಒಪ್ಪಿಸಿದೆ. ಅಕ್ಕಿ ಡಬ್ಬಿ ಎಂದಾಗ ಅವಳ ನಗು ನಿಂತಿತು. ಒಳಗೆ ಹೋಗಿ ಡಬ್ಬಿಯನ್ನು ಪರಾತದಲ್ಲಿ ಬೋರಲು ಹಾಕಿದಳು. ಅಕ್ಕಿಯ ಜೊತೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಸಣ್ಣ ಫೋನೊಂದು ಬಿತ್ತು. ದಿನಾ ಆ ಡಬ್ಬಿಯಿಂದ ಅಕ್ಕಿ ತೆಗೆಯುತ್ತಿದ್ದರೂ ಅದು ಅಲ್ಲಿರುವುದು ಅವಳಿಗೆ ಗೊತ್ತಿರಲಿಲ್ಲ. ಅಕ್ಷತಾ ಬಾಗಿಲಲ್ಲಿ ನಿಂತು ನಮ್ಮಿಬ್ಬರ ಮುಖ ನೋಡುತ್ತಿದ್ದಳು.

"ಯಾಕ ಹೋಗಬೇಕಂತ ಹೇಳಿದ್ರೇನ್ರಿ?" ಎಂದು ಶೋಭಾ ಕೇಳಿದಳು. ಹೇಳಲಿಲ್ಲ ಎಂದೆ. ಅವಳು ಮತ್ತೆ ಏನನ್ನೂ ಕೇಳದೆ ಮಗಳ ಶಾಲೆಯ ಚೀಲ ಖಾಲಿ ಮಾಡಿ ಅದರಲ್ಲಿ ಬಟ್ಟೆ ತುಂಬತೊಡಗಿದಳು. ಗಂಡನ ಕೆಲಸ ಎಂಥದ್ದೆಂದು ಅವಳಿಗೂ ಒಳಗೊಳಗೆ ಗೊತ್ತಿತ್ತೆಂದು ಆಗ ನನಗೆ ತಿಳಿಯಿತು. ಮರುದಿನ ಮೊದಲ ಬಸ್ಸಿಗೆ ಇಸ್ಮಾಯಿಲ್ ಚಾಚಾನೇ ಅವರನ್ನು ಹತ್ತಿಸಿ ಬಂದ. ಫೋನು ಅವನ ಹತ್ತಿರ ಉಳಿಯಿತು.

ಗುರುವಾರ ಮಧ್ಯಾಹ್ನ ಚಹಾದಂಗಡಿಯ ಟಿವಿಯಲ್ಲಿ ಸುದ್ದಿ ಬಂತು. ಗೋವಾದಿಂದ ಮಾದಕ ವಸ್ತು ಸಾಗಿಸುತ್ತಿದ್ದ ದಾಂಡೇಲಿಯ ಚಾಲಕನೊಬ್ಬನನ್ನು ಅನಮೋಡದ ಬಳಿ ಹಿಡಿದಿದ್ದರು. ಮೇಜಿನ ಮೇಲೆ ಪೊಟ್ಟಣಗಳು, ಹಿಂದೆ ಮುಖಕ್ಕೆ ಬಟ್ಟೆ ಸುತ್ತಿದ ಮನುಷ್ಯ, ಕೆಳಗೆ ಪರಶುರಾಮನ ಹೆಸರು. ಬುಧವಾರ ಮಧ್ಯಾಹ್ನ ಮೂರೂವರೆಗೆ ಎಂದು ಸುದ್ದಿ ಓದುವವಳು ಎರಡು ಸಲ ಹೇಳಿದಳು. ಅನಮೋಡವೆಲ್ಲಿ, ಕೆಸರೊಳ್ಳಿಯೆಲ್ಲಿ. ನಡುವೆ ಒಂದು ಇಡೀ ತಾಲೂಕಿನ ಕಾಡಿದೆ.

ನನ್ನ ಮನಸ್ಸು ತಕ್ಷಣ ಒಂದು ಉತ್ತರ ಹುಡುಕಿತು. ಅವನನ್ನು ಬೇರೆಲ್ಲೋ ಹಿಡಿದು, ಅನಮೋಡದಲ್ಲಿ ಸಿಕ್ಕನೆಂದು ತೋರಿಸಿದ್ದಾರೆ. ನನ್ನ ಹತ್ತಿರ ಟಿಕೆಟಿದೆ. ನಾನು ಸಾಕ್ಷಿ. ಇದನ್ನು ಇಸ್ಮಾಯಿಲ್ ಚಾಚಾನಿಗೆ ಹೇಳಿದೆ. ಅವನು ಚಿಂದಿಯಲ್ಲಿ ಕೈಯ ಎಣ್ಣೆ ಒರೆಸಿಕೊಂಡ. ಆಮೇಲೆ, "ಅಲ್ಲಾ ದೊಡ್ಡಾವ. ನೀವು ಸುಳ್ಳು ಹೇಳೂ ಪೈಕಿ ಅಲ್ಲ" ಎಂದ.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಶೋಭಾಳ ಮನೆಗೆ ನಾಲ್ಕು ಜನ ಬಂದರು. ಬೀಗ ಒಡೆದು ಒಳಗೆ ಹೋದರು. ಕೇಳಲು ಹೋದ ಪಕ್ಕದ ಮನೆಯ ಅಜ್ಜಿಯನ್ನು ಒಬ್ಬ ತಳ್ಳಿದ. ಅವರು ಹೋದ ಮೇಲೆ ನಾನೂ ಚಾಚಾನೂ ಹೋಗಿ ನೋಡಿದೆವು. ಗಾದಿ ಸೀಳಿದ್ದರು, ದೇವರ ಫೋಟೋಗಳ ಹಿಂದಿನ ರಟ್ಟು ಕಿತ್ತಿದ್ದರು, ಅಕ್ಷತಾಳ ಗೊಂಬೆಯ ಹೊಟ್ಟೆ ಹರಿದಿದ್ದರು. ಅಡಿಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಅಕ್ಕಿ ಚೆಲ್ಲಿತ್ತು. ತಾಯಿ ಮಗಳು ಮನೆಯಲ್ಲಿದ್ದಿದ್ದರೆ ಎಂದು ಯೋಚಿಸುತ್ತ ನಾನು ಆ ಗೊಂಬೆಯನ್ನು ಎತ್ತಿ ಮೂಲೆಯಲ್ಲಿಟ್ಟೆ.

ಪರಶುರಾಮನ ಪರವಾಗಿ ಸರಕಾರದಿಂದ ನೇಮಕವಾಗಿದ್ದ ವಕೀಲೆ ಕಾರವಾರದ ಕಡೆಯ ಹೆಣ್ಣುಮಗಳು, ಚಿಕ್ಕ ವಯಸ್ಸು. ಆ ಫೋನನ್ನು ಚಾಚಾ ಅವಳಿಗೇ ಒಪ್ಪಿಸಿದ. ನನ್ನ ಮಾತನ್ನೆಲ್ಲ ಕೇಳಿ ಅವಳು ಟಿಕೆಟನ್ನು ಬೆಳಕಿಗೆ ಹಿಡಿದು ನೋಡಿದಳು. "ನಿಮಗೆ ಇಂಜೆಕ್ಷನ್ ಕೊಟ್ಟಿದ್ರು ಅಲ್ವಾ ಸರ್? ಅದರ ಮಂಪರು ಇತ್ತಾ ಅಂತಲೇ ಎದುರಿನವರು ಮೊದಲು ಕೇಳೋದು." ಮರಗಟ್ಟಿದ್ದು ವಸಡು ಮಾತ್ರ, ತಲೆಯಲ್ಲ ಎಂದೆ. ಮಂಪರಿನಲ್ಲಿ ಕನಸೇ ಕಂಡೆ ಎಂದಿಟ್ಟುಕೊಂಡರೂ, ಅಕ್ಕಿ ಡಬ್ಬಿಯೊಳಗಿನ ಫೋನು ನನ್ನ ಕನಸಿಗೆ ಹೇಗೆ ಗೊತ್ತಾಯಿತು? ಅವಳು ಟಿಕೆಟನ್ನು ನನಗೆ ಮರಳಿಸಿದಳು. ನಾನು ಕೋರ್ಟಿನಲ್ಲಿ ನಿಂತು ಹೀಗೇ ಹೇಳಿದರೆ ಕೇಸು ಸಡಿಲವಾಗುವುದು ಖಂಡಿತ ಎಂದಳು. ಶೋಭಾಗೆ ಫೋನಿನಲ್ಲಿ ಅದನ್ನು ತಿಳಿಸಿದಾಗ ಅವಳು ಅತ್ತಳು. "ನೀವು ಕಣ್ಣಾರೆ ನೋಡೀರಿ ಕಾಕಾ. ಇದ್ದದ್ದ ಇದ್ದಂಗ ಹೇಳ್ರಿ, ಸಾಕು."

ಸಾಕ್ಷಿ ಹೇಳುವ ಮೊದಲು ಅವನನ್ನೊಮ್ಮೆ ನೋಡಬೇಕೆಂದು ಕಾರವಾರದ ಜೈಲಿಗೆ ಹೋದೆ. ಜಾಳಿಗೆಯ ಆಚೆ ಅವನು ಬಂದು ನಿಂತಾಗ ಗುರುತು ಹತ್ತಲಿಲ್ಲ. ಗಡ್ಡ ಬಂದಿತ್ತು, ಕುತ್ತಿಗೆ ಸಣ್ಣದಾಗಿತ್ತು. "ಆಕಿ, ಮಗಳು?" ಎಂದ. ಮುಂಡಗೋಡದಲ್ಲಿ ಆರಾಮಾಗಿದ್ದಾರೆ ಎಂದೆ. ಜಾಳಿಗೆಗೆ ಹಣೆ ಹಚ್ಚಿ ನಿಂತುಬಿಟ್ಟ. ಅವರು ಅಲ್ಲಿಗೆ ಹೋದದ್ದು ಅವನಿಗೆ ತಿಳಿದಿರಲಿಲ್ಲ.

ನಾನು ಉತ್ಸಾಹದಿಂದ ನನ್ನ ಸಾಕ್ಷಿಯ ವಿಷಯ ತೆಗೆದೆ. ಕೆಸರೊಳ್ಳಿ ನಾಕಾ, ನಾಲ್ಕು ಗಂಟೆ, ನೀನು ಹೇಳಿದ ಮಾತು ಎಂದೆಲ್ಲ ಹೇಳುತ್ತಿದ್ದಂತೆ ಅವನು ನನ್ನನ್ನು ವಿಚಿತ್ರವಾಗಿ ನೋಡತೊಡಗಿದ.

"ಕಾಕಾ, ನಾ ಬಸ್ಸು ಹತ್ತಿಲ್ರಿ. ಆವತ್ತು ನಾ ಅನಮೋಡದಾಗ ಇದ್ದೆ."

ನಾನು ಜೇಬಿನಿಂದ ಟಿಕೆಟ್ ತೆಗೆದು ಜಾಳಿಗೆಗೆ ಹಿಡಿದೆ.

"ಮಾಲು ನನ್ನ ಗಾಡ್ಯಾಗ ಇತ್ತು. ಖರೆ ಐತಿ. ಮೂರೂವರಿಗೆ ಹಿಡದ್ರು, ಪಂಚನಾಮೆ ಮಾಡೂ ಪಂಚರು ಬರೂತನಕ ರಸ್ತಾದ ಬಾಜೂಕ ಗಿಡದ ಬುಡಕ ಕೂಡ್ರಿಸಿದ್ರು. ಗಾಡಿ ಸಿಕ್ಕದ್ದು ಗೊತ್ತಾದ್ರ ಪಾತ್ರಾಂವನ ಮಂದಿ ಮನಿಗೆ ಬರ್ತಾರಂತ ನನಗ ಗೊತ್ತಿತ್ತು." ಮಾಲಿನ ಒಡೆಯನನ್ನು ಅವರೆಲ್ಲ ಪಾತ್ರಾಂವ್ ಎನ್ನುತ್ತಾರಂತೆ. ಅವನ ಮುಖವನ್ನು ಪರಶುರಾಮ ಒಮ್ಮೆಯೂ ಕಂಡಿಲ್ಲ, ಧ್ವನಿ ಮಾತ್ರ ಗೊತ್ತು. ಒಂದು ದಿನ ಈ ಕೆಲಸದಿಂದ ಪಾರಾಗಲು ಬೇಕಾದೀತೆಂದು ಆ ಧ್ವನಿಯನ್ನೂ ಕೆಲವು ನಂಬರುಗಳನ್ನೂ ಆ ಫೋನಿನಲ್ಲಿ ಉಳಿಸಿಟ್ಟಿದ್ದ. ಅದರ ಸುಳಿವು ಅವರಿಗೆ ಹತ್ತಿತ್ತು. "ಪೊಲೀಸರಿಗೆ ಹೇಳೂಣು ಅಂದ್ರ ಧೈರ್ಯ ಸಾಲಲಿಲ್ಲ, ಅವರೊಳಗ ಯಾರು ಯಾರವರು ಅಂತ ಹೆಂಗ ತಿಳೀಬೇಕು? ಎರಡು ತಾಸು ಅಲ್ಲೇ ಕುಂತು ಅದನ್ನ ಅಂದಕೋತ ಇದ್ದೆ. ಮೊದಲನೇ ಬಸ್ಸಿಗೆ ಹೋಗು, ಫೋನ್ ಚಾಚಾಗ ಕೊಡು. ಬಾಯಿಂದ ಒಂದು ಮಾತೂ ಹೊರಗ ಬಂದಿಲ್ಲ ಕಾಕಾ."

ಆಗ ನನ್ನನ್ನು ನೆನೆಸಿಕೊಂಡಿದ್ದೆಯಾ ಎಂದು ಕೇಳಿದೆ.

"ಇಲ್ರಿ. ಖರೆ ಹೇಳ್ತೇನಿ, ನೀವು ನೆನಪಾಗಲಿಲ್ಲ. ಶೋಭಾನ ಹೆಸರು ಒಂದ ನಾಲಿಗಿ ಮ್ಯಾಲೆ ಇತ್ತು."

ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ಅವನು ನನ್ನನ್ನು ನೆನೆದಿದ್ದ ಎಂದಿದ್ದರೆ ಮನಸ್ಸಿಗೆ ಒಂದು ಎಳೆ ಸಿಗುತ್ತಿತ್ತು. ಅವನು ನೆನೆದದ್ದು ಹೆಂಡತಿಯನ್ನು. ಬಂದು ಕೂತದ್ದು ನನ್ನ ಪಕ್ಕದಲ್ಲಿ.

ಸಾಕ್ಷಿ ಹೇಳಲಿ ಬಿಡಲಿ, ನಾನು ಕಂಡದ್ದು ಸುಳ್ಳಲ್ಲವಲ್ಲ ಎಂದೆ. ಹೇಳಿದರೆ ನೀನು ಬಿಡುಗಡೆಯಾಗಬಹುದು ಎಂದೂ ಅಂದೆ. ಅವನು ತಲೆಯಲ್ಲಾಡಿಸಿದ. "ಬ್ಯಾಡ್ರಿ. ನಿಮ್ಮ ಕಣ್ಣಿಗೆ ಖರೆ, ಆದ್ರ ನಾ ಮಾಡಿದ್ದಕ್ಕ ಅದು ಸುಳ್ಳ ಆಕ್ಕೈತಿ. ಆ ಪುಡಿ ತಗೊಂಡು ಎಷ್ಟು ಮಂದಿ ಮಕ್ಕಳು ಹಾಳಾಗ್ಯಾರೋ ಯಾಂವ ಬಲ್ಲ. ಅಕ್ಷತಾಗ ನಾಳೆ ನಾ ಏನು ಹೇಳ್ಲಿ? ಫೋನ್ ಕೋರ್ಟಿಗೆ ಕೊಡಸ್ರಿ. ನಾ ಎಲ್ಲಾ ಒಪ್ಪಗೋತೇನಿ."

ಹಾಗೇ ಆಯಿತು. ವಕೀಲೆ ನನ್ನ ಹೆಸರನ್ನು ಸಾಕ್ಷಿಗಳ ಪಟ್ಟಿಗೆ ಹಾಕಲಿಲ್ಲ. ಫೋನಿನಿಂದ ಇಬ್ಬರು ಸಿಕ್ಕಿಬಿದ್ದರು, ಒಬ್ಬ ರಾಮನಗರದ ಬಳಿ, ಇನ್ನೊಬ್ಬ ಸಮುದ್ರದಂಡೆಯ ಯಾವುದೋ ಹೋಟೆಲಿನಲ್ಲಿ. ಪಾತ್ರಾಂವ್ ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಪರಶುರಾಮನಿಗೆ ಹತ್ತು ವರ್ಷ ಶಿಕ್ಷೆಯಾಯಿತು. ಶೋಭಾ ಮುಂಡಗೋಡದಲ್ಲೇ ಉಳಿದು ಹೊಲಿಗೆ ಕಲಿತು ಅದರಲ್ಲೇ ಮನೆ ನಡೆಸುತ್ತಿದ್ದಾಳೆ. ನಾನು ಸಾಕ್ಷಿ ಹೇಳದಿದ್ದುದಕ್ಕೆ ಬಹಳ ದಿನ ಅವಳಿಗೆ ನನ್ನ ಮೇಲೆ ಸಿಟ್ಟಿತ್ತು. ಒಮ್ಮೆ ಮಾತ್ರ ಕೇಳಿದಳು: "ಅವರು ಅನಮೋಡದಾಗ ಇದ್ದೆ ಅಂದ್ರ ಅಲ್ಲೇ ಇದ್ರು. ಹಂಗಾದ್ರ ನಿಮ್ಮ ಬಾಜೂಕ ಕುಂತಾವ್ರು ಯಾರ್ರಿ?" ನನಗೆ ಗೊತ್ತಿಲ್ಲ ಎಂದೆ. ಅವಳು ಹೊಲಿಗೆಯ ಯಂತ್ರಕ್ಕೆ ಬಟ್ಟೆ ಕೊಟ್ಟು ಮತ್ತೆ ತುಳಿಯತೊಡಗಿದಳು.

ನಾನು ನನ್ನ ಕೈಲಾದ ತಪಾಸಣೆ ಮಾಡಿದ್ದೇನೆ. ಆ ಬಸ್ಸಿನ ಕಂಡಕ್ಟರನನ್ನು ಹುಡುಕಿ ಕೇಳಿದೆ. ನಿಮ್ಮ ಪಕ್ಕದ ಸೀಟು ಖಾಲಿಯಿತ್ತು ಎಂದೇ ಅವನ ನೆನಪು. ಆದರೆ ತಿಂಗಳ ಹಿಂದಿನ ಒಂದು ಸೀಟು ಯಾವ ಕಂಡಕ್ಟರನಿಗೆ ನೆನಪಿರುತ್ತದೆ? ಬುಟ್ಟಿಯ ಹೆಂಗಸು ಸಿಗಲೇ ಇಲ್ಲ. ನಾಲ್ಕೈದು ಬುಧವಾರ ಅದೇ ಬಸ್ಸಿನಲ್ಲಿ ಹೋಗಿ ಬಂದೆ. ಕಣ್ಣಿಗೆ ಕಂಡದ್ದೆಲ್ಲ ಭ್ರಮೆ ಎಂದರೆ ಅವಳೇಕೆ ಬುಟ್ಟಿ ಸರಿಸಿದಳು? ಸುಮ್ಮನೆ ಸರಿಸಿರಬಹುದು. ಸರಿಸಿರಬಹುದು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ, ಆದರೆ ಸಮಾಧಾನವಾಗುವುದಿಲ್ಲ.

ಈಗ ಅವನು ಧಾರವಾಡದ ಜೈಲಿನಲ್ಲಿದ್ದಾನೆ. ಎರಡು ಮೂರು ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತೇನೆ. ಮನೆಯ ಸುದ್ದಿ ಕೇಳಿದ ಮೇಲೆ ಪ್ರತಿ ಸಲವೂ, "ಕಾಕಾ, ಆವತ್ತಿಂದು ಹೇಳ್ರಿ" ಎನ್ನುತ್ತಾನೆ. ನಾನು ಮೊದಲಿನಿಂದ ಹೇಳಬೇಕು. ಬಿಸಿಲು ಎಷ್ಟಿತ್ತು, ಭತ್ತ ಕೊಯ್ದಿದ್ದರೇ, ಕಿಟಕಿಯ ಕಡೆ ಕೂತಿದ್ದವನು ತಾನೋ ನಾನೋ, ಎಲ್ಲವನ್ನೂ ಕೇಳುತ್ತಾನೆ. ಕಾವಲಿನವನು ಹೊತ್ತಾಯಿತು ಎನ್ನುವ ತನಕ ಕೇಳುತ್ತಾನೆ. ಅವನ ಕೈಗೆ ಬೇಡಿ ಬಿದ್ದ ದಿನವೇ ಅರ್ಧ ತಾಸು ಹಳಿಯಾಳದ ರಸ್ತೆಯಲ್ಲಿ ಗಾಳಿಗೆ ಮುಖವೊಡ್ಡಿ ಹೋದನೆಂಬುದು ಅವನಿಗೆ ಎಂಥದೋ ಆಸರೆಯಾಗಿದೆ.

ಹೋದ ಸಲ ಹೊರಡುವ ಹೊತ್ತಿಗೆ ಹೊಸದೊಂದು ಪ್ರಶ್ನೆ ಕೇಳಿದ.

"ಇಳಿಯೂವಾಗ ನಾ ಏನಂದೆ ಕಾಕಾ? ಬರ್ತೇನಿ ಅಂದ್ನೋ, ಹೋಗ್ತೇನಿ ಅಂದ್ನೋ?"

ಅವನು ಜಾಳಿಗೆಯ ತಂತಿಯಲ್ಲಿ ಬೆರಳು ಸಿಕ್ಕಿಸಿಕೊಂಡು ಕಾಯುತ್ತಿದ್ದ. "ಬರ್ತೇನಿ ಅಂದಿ" ಎಂದೆ. ಅವನು ಕಣ್ಣು ಮುಚ್ಚಿ ತಲೆದೂಗಿದ.

ಅಂದು ಅವನು ಹಾಗೆ ಹೇಳಿದ್ದು ನಾನು ಕೇಳಿಲ್ಲ. ಈ ಇಡೀ ಸಂಗತಿಯಲ್ಲಿ ನಾನು ಕೈಯಾರೆ ಸೇರಿಸಿದ್ದು ಅದೊಂದೇ ಮಾತು. ಮಿಕ್ಕದ್ದೆಲ್ಲ ನಾನು ಕಂಡದ್ದು, ಕಿವಿಯಾರೆ ಕೇಳಿದ್ದು. ಅದು ಏನೆಂದು ನನ್ನನ್ನು ಕೇಳಬೇಡಿ.